ಪ್ರಾಗ್‌ನಲ್ಲಿ ಗಡಿಯಾರ ಓದೋಕೆ ಕಲ್ತಿದ್ದು

ಡ್ರೆಸ್ಡೆನ್‌ನಲ್ಲಿ ಓದ್ತಿರೋರಿಗೆ ಪ್ರಾಗ್ ಪಕ್ಕದೂರೇ. ರೈಲು ಹತ್ತಿದ್ರೆ ಎರಡೂವರೆ ಗಂಟೆ ಆಸುಪಾಸು, ಅಷ್ಟರಲ್ಲಿ ದೇಶ ಬದಲಾಗತ್ತೆ, ಭಾಷೆ ಬದಲಾಗತ್ತೆ, ಯೂರೋ ಹೋಗಿ ಕೊರುನಾ ಬರತ್ತೆ. ಏಪ್ರಿಲ್ ಕೊನೇಲಿ ಸಮ್ಮರ್ ಸೆಮಿಸ್ಟರ್ ಆಗಷ್ಟೇ ಶುರುವಾಗಿತ್ತು, ಅಸೈನ್‌ಮೆಂಟ್ ಕಾಟ ಇನ್ನೂ ಹತ್ಕೊಂಡಿರ್ಲಿಲ್ಲ, ಮೈಸೂರಿನ ನಾನು, ಧಾರವಾಡದ ಫ್ರೆಂಡ್ ಒಬ್ಬಳು, ಮಂಗಳೂರಿನ ಇಬ್ರು ಹುಡುಗರು ಸೇರಿ ಶುಕ್ರವಾರ ಬೆಳಗ್ಗೆ ಹೊರಟ್ವಿ. ಈ ರೈಲಲ್ಲಿ ಹೋಗೋವಾಗ ಎಡಗಡೆ ಕಿಟಕಿ ಹಿಡೀಬೇಕು. ಎಲ್ಬೆ ನದಿ ಪಕ್ಕದಲ್ಲೇ ಹಳಿ, ನದಿ ಆಚೆ ಮರಳುಕಲ್ಲಿನ ಬಂಡೆಗಳು, ಬಾಡ್ ಶಾಂಡೌ ದಾಟಿದ್ಮೇಲೆ ಯಾವಾಗ ಜರ್ಮನಿ ಮುಗೀತು ಯಾವಾಗ ಚೆಕ್ ದೇಶ ಶುರುವಾಯ್ತು ಗೊತ್ತೇ ಆಗಲ್ಲ, ಫೋನಿಗೆ ನೆಟ್‌ವರ್ಕ್ ಮೆಸೇಜ್ ಬಂದಾಗ್ಲೇ ಗೊತ್ತಾಗೋದು. ಪ್ರಾಗ್‌ನಲ್ಲಿ ಹರಿಯೋ ವಲ್ತಾವಾ ಮೆಲ್ನಿಕ್ ಅನ್ನೋ ಊರಿನ ಹತ್ರ ಈ ಎಲ್ಬೆಗೇ ಬಂದು ಸೇರತ್ತೆ, ಅಂದ್ರೆ ನಾವು ದಿನಾ ಕಾಲೇಜಿಗೆ ಹೋಗೋವಾಗ ನೋಡೋ ನೀರಲ್ಲಿ ಅರ್ಧ ಪ್ರಾಗ್‌ನಿಂದ ಬಂದಿದ್ದೇ.

ಇಳಿದವರು ಬ್ಯಾಗ್ ಹಾಸ್ಟೆಲ್‌ನಲ್ಲಿಟ್ಟು ಸೀದಾ ಚಾರ್ಲ್ಸ್ ಸೇತುವೆಗೆ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ಕಾಲದಲ್ಲಿ ಶುರು ಮಾಡಿದ್ದು, 516 ಮೀಟರ್ ಉದ್ದ, ಎರಡೂ ಕಡೆ ಸೇರಿ 30 ವಿಗ್ರಹಗಳು. 1841ರವರೆಗೂ ಇಡೀ ಪ್ರಾಗ್‌ಗೆ ನದಿ ದಾಟೋಕೆ ಇದ್ದಿದ್ದು ಇದೊಂದೇ ಸೇತುವೆ ಅಂದ್ರೆ ಅದರ ಮೇಲೆ ಎಷ್ಟು ಗಾಡಿ, ಎಷ್ಟು ಸೈನ್ಯ, ಎಷ್ಟು ಮದುವೆ ಮೆರವಣಿಗೆ ಓಡಾಡಿರ್ಬೇಕು ಯೋಚನೆ ಮಾಡಿ. ನೆಪೋಮುಕ್‌ನ ಸಂತ ಜಾನ್ ಅನ್ನೋರನ್ನ 1393ರಲ್ಲಿ ರಾಜ ನದಿಗೆ ತಳ್ಳಿಸಿ ಕೊಲ್ಲಿಸಿದ್ದ, ಅವರ ಕಂಚಿನ ವಿಗ್ರಹ 1683ರಿಂದ ಅಲ್ಲಿದೆ, ಕೆಳಗಿನ ಫಲಕಾನ ಜನ ಮುಟ್ಟಿ ಮುಟ್ಟಿ ಆ ಜಾಗ ಮಾತ್ರ ಚಿನ್ನದ ಬಣ್ಣಕ್ಕೆ ತಿರುಗಿದೆ, ಮಿಕ್ಕಿದ್ದೆಲ್ಲ ಕಪ್ಪು. ನಾವೂ ಮುಟ್ಟಿದ್ವಿ. ಮಧ್ಯಾಹ್ನ ಹೋದ್ರೆ ಜನಜಂಗುಳಿ, ಹೆಜ್ಜೆ ಇಡೋಕೂ ಜಾಗ ಇರಲ್ಲ, ಅದಕ್ಕೇ ಮಾರನೇ ದಿನ ಬೆಳಗ್ಗೆ ಆರೂವರೆಗೆ ಮತ್ತೆ ಹೋದ್ವಿ, ಆಗ್ಲೇ ಸೇತುವೆ ನಿಜವಾಗ್ಲೂ ಕಾಣ್ಸಿದ್ದು.

ಆದ್ರೆ ನಾನು ಬರೀಬೇಕು ಅಂತ ಕೂತಿದ್ದು ಗಡಿಯಾರದ ಬಗ್ಗೆ. ಓಲ್ಡ್ ಟೌನ್ ಹಾಲ್ ಗೋಡೆ ಮೇಲಿರೋ ಒರ್ಲೋಯ್, 1410ರದ್ದು, ಕಾದಾನ್ ಊರಿನ ಮಿಕುಲಾಶ್ ಅನ್ನೋ ಗಡಿಯಾರ ಮೇಸ್ತ್ರಿ ಮಾಡಿದ್ದು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಪ್ರತಿ ಗಂಟೆಗೆ ಸಣ್ಣದೊಂದು ಆಟ ನಡೆಯತ್ತೆ. ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಹೊಡೆಯತ್ತೆ, ಮೇಲಿನ ಎರಡು ಕಿಟಕಿ ತೆಗ್ದು ಯೇಸುವಿನ ಶಿಷ್ಯರು ಒಬ್ಬೊಬ್ರಾಗಿ ಬಂದು ಹೋಗ್ತಾರೆ, ಕೊನೇಲಿ ಹುಂಜ ಕೂಗತ್ತೆ. ನೂರಾರು ಜನ ಫೋನ್ ಎತ್ತಿ ಹಿಡಿದಿರ್ತಾರೆ, ಒಂದು ನಿಮಿಷದಲ್ಲಿ ಮುಗ್ದು ಹೋಗತ್ತೆ, ಎಲ್ರೂ ಇಷ್ಟೇನಾ ಅಂತ ಚದುರಿ ಹೋಗ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷ್ಯ, ಯಾಕಂದ್ರೆ ಜನ ನೋಡೋ ಆ ಬೊಂಬೆಗಳೆಲ್ಲ ಆಮೇಲೆ ಸೇರಿಸಿದ್ದು, ನಿಜವಾದ ಅದ್ಭುತ ಇರೋದು ಕೆಳಗೆ, ಸುಮ್ಮನೆ ತಿರುಗ್ತಾ ಇರೋ ಆ ದೊಡ್ಡ ಚಕ್ರದಲ್ಲಿ.

ಜನ ಹೋದ್ಮೇಲೆ ಖಾಲಿಯಾದ ಜಾಗದಲ್ಲಿ ನಿಂತು ನಾವು ಅದನ್ನ ಒಂದೊಂದಾಗಿ ಓದೋಕೆ ಶುರು ಮಾಡಿದ್ವಿ. ನಮ್ಮ ತಾತ ಬೆಳಗ್ಗೆ ಎದ್ದು ಒಂಟಿಕೊಪ್ಪಲ್ ಪಂಚಾಂಗ ತೆಗೆದು ನೋಡೋವ್ರು, ಆ ಪಂಚಾಂಗಾನ ಯಾರೋ ಕಬ್ಬಿಣದಲ್ಲಿ ಮಾಡಿ ಗೋಡೆಗೆ ಹಾಕಿದಂಗಿದೆ ಇದು! ಮಧ್ಯದ ನೀಲಿ ಭಾಗ ಹಗಲು, ಕೆಳಗಿನ ಕಪ್ಪು ವೃತ್ತ ರಾತ್ರಿ, ನಡುವೆ ಕಂದು ಬಣ್ಣದ್ದು ಮುಂಜಾವು ಮುಸ್ಸಂಜೆ. ಒಂದು ಕಡ್ಡಿ ಮೇಲೆ ಚಿನ್ನದ ಸೂರ್ಯ, ಇನ್ನೊಂದರ ಮೇಲೆ ಅರ್ಧ ಬೆಳ್ಳಿ ಅರ್ಧ ಕಪ್ಪು ಬಣ್ಣದ ಚಂದ್ರನ ಗುಂಡು, ಆ ಗುಂಡು ತನ್ನಷ್ಟಕ್ಕೆ ತಿರುಗಿ ಶುಕ್ಲಪಕ್ಷ ಕೃಷ್ಣಪಕ್ಷ ತೋರಿಸತ್ತೆ. ನಡುವಿಂದ ಸ್ವಲ್ಪ ಪಕ್ಕಕ್ಕೆ ಸರಿದಿರೋ ಇನ್ನೊಂದು ಬಳೆ ಇದೆ, ಅದರ ಮೇಲೆ ಮೇಷ ವೃಷಭ ಮಿಥುನ ಅಂತ ಹನ್ನೆರಡೂ ರಾಶಿ. ನಾವು ಹೋದಾಗ ಸೂರ್ಯ ವೃಷಭದಲ್ಲಿದ್ದ, ಮೈಸೂರಿಗೆ ಫೋನ್ ಮಾಡಿ ಕೇಳಿದ್ರೆ ತಾತ ಇಲ್ಲ ಇನ್ನೂ ಮೇಷ ಅಂದ್ರು. ಇಬ್ರು ಹೇಳಿದ್ದೂ ಸರೀನೇ, ಗಡಿಯಾರದ್ದು ಸಾಯನ, ಅಂದ್ರೆ ವಿಷುವ ಬಿಂದುವಿಂದ ರಾಶಿ ಎಣಿಸೋದು, ನಮ್ಮ ಪಂಚಾಂಗದ್ದು ನಿರಯನ, ಅಂದ್ರೆ ನಕ್ಷತ್ರಗಳನ್ನ ಹಿಡಿದು ಎಣಿಸೋದು, ಎರಡರ ನಡುವೆ ಸುಮಾರು 24 ಡಿಗ್ರಿ ವ್ಯತ್ಯಾಸ, ಅದೇ ಅಯನಾಂಶ. ಮಂಗಳೂರಿನ ಹುಡುಗನಿಗೆ ಇದನ್ನ ಅರ್ಥ ಮಾಡ್ಸೋಕೆ ನೆಲದ ಮೇಲೆ ನೀರಿನ ಬಾಟಲ್, ಪವರ್‌ಬ್ಯಾಂಕ್ ಎಲ್ಲ ಇಟ್ಟು ಭೂಮಿ ಸೂರ್ಯ ಮಾಡ್ಬೇಕಾಯ್ತು.

ಹೊರಗಡೆ ಇನ್ನೊಂದು ಬಳೆ, ಹಳೇ ಗೋಥಿಕ್ ಲಿಪಿಯಲ್ಲಿ 1ರಿಂದ 24. ಅದು ಹಳೇ ಬೊಹೀಮಿಯಾ, ಅಂದ್ರೆ ಪ್ರಾಗ್ ಇರೋ ಚೆಕ್ ಸೀಮೆಯ ಲೆಕ್ಕ, ಸೂರ್ಯ ಮುಳುಗಿದ ಕ್ಷಣದಿಂದ ಹೊಸ ದಿನ. ನಾವು ಘಳಿಗೆ ಎಣಿಸೋದು ಸೂರ್ಯೋದಯದಿಂದ, ಅವ್ರು ಸೂರ್ಯಾಸ್ತದಿಂದ. ಸೂರ್ಯಾಸ್ತ ದಿನಾ ಬದಲಾಗತ್ತಲ್ಲ, ಅದಕ್ಕೆ ಆ ಬಳೇನೂ ವರ್ಷಪೂರ್ತಿ ಹಿಂದೆ ಮುಂದೆ ಸರೀತಾ ಇರತ್ತೆ. ಸಂಜೆ ಎಂಟು ಗಂಟೆ ಆದ್ಮೇಲೆ ಚಿನ್ನದ ಸೂರ್ಯ ಬಲಗಡೆ ನೀಲಿ ಬಿಟ್ಟು ಕಂದು ಪಟ್ಟಿಗೆ ಇಳೀತಿದ್ದ, ತಿರುಗಿ ನೋಡಿದ್ರೆ ಚೌಕದಲ್ಲೂ ಬಿಸಿಲು ಹೋಗಿತ್ತು, ಚಿನ್ನದ ಕೈಮುಳ್ಳು 24ರ ಹತ್ರ. ಆರು ಶತಮಾನದ ಹಿಂದೆ ಕಂಪ್ಯೂಟರ್ ಬಿಡಿ ಲೋಲಕದ ಗಡಿಯಾರವೂ ಇಲ್ದೇ ಇರೋ ಕಾಲದಲ್ಲಿ ಹಲ್ಲಿನ ಚಕ್ರಗಳನ್ನ ಕೈಯಲ್ಲಿ ಅರದಿಂದ ಉಜ್ಜಿ ಉಜ್ಜಿ ಇಷ್ಟನ್ನ ಒಟ್ಟಿಗೆ ಓಡಿಸಿದ್ದಾರಲ್ಲ, ಮೆಕ್ಯಾನಿಕಲ್ ಓದೋಳಾಗಿ ನನಗೆ ಮೈ ಜುಂ ಅಂತು. 1945ರ ಮೇ ತಿಂಗಳ ಯುದ್ಧದಲ್ಲಿ ಟೌನ್ ಹಾಲ್‌ಗೆ ಬೆಂಕಿ ಬಿದ್ದು ಇದೂ ಸುಟ್ಟಿತ್ತು, ಮತ್ತೆ ರಿಪೇರಿ ಮಾಡಿ ನಿಲ್ಸಿದ್ರು.

ಅದೇ ಚೌಕದ ಆಚೆ ಬದಿ ಟೀನ್ ಚರ್ಚ್, ಅದರೊಳಗೆ ಟೈಕೋ ಬ್ರಾಹೆ ಸಮಾಧಿ. ದೂರದರ್ಶಕ ಇಲ್ಲದೇ ಬರಿಗಣ್ಣಲ್ಲಿ ಗ್ರಹಗಳ ಜಾಗ ಅಳೆದವರು, 1601ರಲ್ಲಿ ಇಲ್ಲೇ ತೀರಿಕೊಂಡ್ರು, ಕಂಬಕ್ಕೆ ಆನಿಸಿರೋ ಕೆಂಪು ಕಲ್ಲಲ್ಲಿ ಯುದ್ಧ ಕವಚ ಹಾಕ್ಕೊಂಡು ನಿಂತಿದ್ದಾರೆ. ಅವ್ರು ಬರೆದಿಟ್ಟ ಮಂಗಳ ಗ್ರಹದ ಲೆಕ್ಕಾನೇ ಇಟ್ಕೊಂಡು ಕೆಪ್ಲರ್ ಇದೇ ಊರಲ್ಲಿ ಕೂತು ಗ್ರಹಗಳ ಹಾದಿ ದೀರ್ಘವೃತ್ತ ಅಂತ ಕಂಡುಹಿಡಿದು 1609ರಲ್ಲಿ ಪ್ರಿಂಟ್ ಮಾಡಿಸಿದ್ದು. ಪಿಯುಸಿ ಫಿಸಿಕ್ಸ್‌ನಲ್ಲಿ ಮೂರು ನಿಯಮ ಬಾಯಿಪಾಠ ಮಾಡೋವಾಗ ಇದೆಲ್ಲ ಒಂದು ಊರು, ಒಂದು ಬೀದಿ ಅಂತ ಯಾರೂ ಹೇಳಿರ್ಲಿಲ್ಲ.

ಶನಿವಾರ ಕೋಟೆ, ಅಂದ್ರೆ ಪ್ರಾಗ್ ಕ್ಯಾಸಲ್. 22ನೇ ನಂಬರ್ ಟ್ರಾಮ್ ಹಿಡಿದ್ರೆ ಮೇಲಕ್ಕೆ ಹತ್ತೋ ಕಷ್ಟ ಇಲ್ಲ. ಸಂತ ವಿಟಸ್ ಕೆಥೆಡ್ರಲ್ 1344ರಲ್ಲಿ ಕಟ್ಟೋಕೆ ಶುರು ಮಾಡಿ 1929ರಲ್ಲಿ ಮುಗಿಸಿದ್ರಂತೆ! ಒಳಗಡೆ ಬಣ್ಣದ ಗಾಜಿನ ಬೆಳಕು ಚೆನ್ನಾಗಿದೆ, ಗೋಲ್ಡನ್ ಲೇನ್‌ನಲ್ಲಿ ಕಾಫ್ಕಾ 1916-17ರಲ್ಲಿ ಕೂತು ಬರೀತಿದ್ದ ಪುಟ್ಟ ನೀಲಿ ಮನೆ ಇದೆ, ಈಗ ಅಂಗಡಿ ಮಾಡಿದ್ದಾರೆ. ಕೋಟೆ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಹೇಳೋಕಿಲ್ಲ. ಊಟಕ್ಕೆ ವೆಜ್ ಜನ ಭಯ ಪಡ್ಬೇಡಿ, ಸ್ಮಾಜೆನಿ ಸೀರ್ ಅಂತ ಸಿಗತ್ತೆ, ದಪ್ಪ ಚೀಸ್ ತುಂಡಿಗೆ ಬ್ರೆಡ್ ಪುಡಿ ಹಚ್ಚಿ ಎಣ್ಣೇಲಿ ಕರಿದು ಆಲೂಗಡ್ಡೆ ಜೊತೆ ಕೊಡ್ತಾರೆ, ಬಿಸಿ ಬಿಸಿ ತಿನ್ಬೇಕು. ಸಂಜೆ ಲೆಟ್ನಾ ಗುಡ್ಡಕ್ಕೆ ಹೋದ್ವಿ, ಅಲ್ಲಿ ದೊಡ್ಡ ಮೆಟ್ರೋನೋಮ್ (ಸಂಗೀತದಲ್ಲಿ ತಾಳಕ್ಕೆ ಇಡೋ ಯಂತ್ರ) ಇದೆ, 1955ರಲ್ಲಿ ಅದೇ ಜಾಗದಲ್ಲಿ ಕಮ್ಯುನಿಸ್ಟ್ ಸರ್ಕಾರದವ್ರು ಸ್ಟಾಲಿನ್‌ದು ಭಾರೀ ಪ್ರತಿಮೆ ನಿಲ್ಸಿ 1962ರಲ್ಲಿ ಅವ್ರೇ ಸಿಡಿಮದ್ದಿಟ್ಟು ಉರುಳಿಸಿದ್ರು. ಕೆಳಗೆ ನದಿ, ಸೇತುವೆಗಳು ಸಾಲಾಗಿ ಕಾಣತ್ವೆ, ಹುಡುಗರು ಸ್ಕೇಟ್‌ಬೋರ್ಡ್ ಆಡ್ತಿರ್ತಾರೆ.

ಭಾನುವಾರಕ್ಕೆ ಯೋಸೆಫೋವ್, ಹಳೇ ಯಹೂದಿ ಕೇರಿ, ಬೇಕಂತ್ಲೇ ಇಟ್ಕೊಂಡಿದ್ವಿ, ಶನಿವಾರ ಅಲ್ಲಿನ ಮ್ಯೂಸಿಯಂ ಮುಚ್ಚಿರತ್ತೆ. ಅಲ್ಲೂ ಒಂದು ಗಡಿಯಾರ, ಯಹೂದಿ ಟೌನ್ ಹಾಲ್ ಮೇಲೆ, ಹೀಬ್ರೂ ಅಕ್ಷರದ್ದು, ಮುಳ್ಳು ನಮ್ಮ ಗಡಿಯಾರಕ್ಕೆ ವಿರುದ್ಧ ದಿಕ್ಕಲ್ಲಿ ತಿರುಗತ್ತೆ. ಅದರ ಫೋಟೋ ತೆಗ್ದು ಖುಷಿಯಾಗೇ ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಳಗೆ ಹೋದ್ವಿ.

ಒಳಗೆ ಗೋಡೆ ಪೂರ್ತಿ ಹೆಸರು. ನಾಜಿಗಳು ಕೊಂದ ಬೊಹೀಮಿಯಾ ಮೊರಾವಿಯಾದ ಯಹೂದಿಗಳ ಹೆಸರು, ಹತ್ತಿರ ಹತ್ತಿರ 78,000, ಕೆಂಪು ಕಪ್ಪು ಬಣ್ಣದಲ್ಲಿ ಕೈಯಲ್ಲೇ ಬರೆದಿರೋದು, ನೆಲದ ಹತ್ರದಿಂದ ತಲೆ ಮೇಲಿನವರೆಗೆ, ಸಾಲು ಸಾಲು, ನಡುವೆ ಜಾಗಾನೇ ಇಲ್ಲ. ದೂರದಿಂದ ನೋಡಿದ್ರೆ ವಾಲ್‌ಪೇಪರ್ ಡಿಸೈನ್ ಅನ್ಸತ್ತೆ, ಹತ್ರ ಹೋಗಿ ಒಂದು ಸಾಲು ಓದಿದ್ರೆ ಹೆಸರು, ಹುಟ್ಟಿದ ತಾರೀಖು, ಆಮೇಲೆ ಇನ್ನೊಂದು ತಾರೀಖು. ಧಾರವಾಡದವಳು ಒಂದು ಮನೆತನದ ಹೆಸರು ಹಿಡಿದು ಬೆರಳು ಮುಟ್ಟಿಸದೇ ಗಾಳೀಲೇ ಓಡಿಸ್ತಾ ಓದ್ತಾ ಹೋದ್ಲು, ಅಪ್ಪ, ಅಮ್ಮ, ಮಕ್ಕಳು ಇರ್ಬೇಕು, ಕೊನೆಯ ಮಗು 1938ರಲ್ಲಿ ಹುಟ್ಟಿದ್ದು. ಅಲ್ಲಿಗೆ ನಿಲ್ಲಿಸಿದ್ಲು. ಮೇಲಿನ ಮಹಡಿಯಲ್ಲಿ, ನಾಜಿಗಳು ಯಹೂದಿಗಳನ್ನ ಕೂಡಿಹಾಕಿದ್ದ ಟೆರೆಜೀನ್ ಅನ್ನೋ ಊರಲ್ಲಿ ಸೆರೆಯಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳು. ಫ್ರೀಡಲ್ ಡಿಕರ್-ಬ್ರಾಂಡೈಸ್ ಅನ್ನೋ ಕಲಾವಿದೆ ತಾನೂ ಸೆರೆಯಲ್ಲಿದ್ಕೊಂಡೇ ಕದ್ದು ಮುಚ್ಚಿ ಅವರಿಗೆ ಡ್ರಾಯಿಂಗ್ ಹೇಳಿಕೊಟ್ರು, 1944ರಲ್ಲಿ ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಹೋಗೋ ಮುಂಚೆ ಸುಮಾರು 4,500 ಚಿತ್ರಗಳನ್ನ ಎರಡು ಸೂಟ್‌ಕೇಸ್‌ನಲ್ಲಿ ಬಚ್ಚಿಟ್ರು, ಅವರು ವಾಪಸ್ ಬರ್ಲಿಲ್ಲ, ಸೂಟ್‌ಕೇಸ್ ಉಳೀತು. ಚಿಟ್ಟೆ, ಮನೆ, ಹೂವು, ಊಟದ ಟೇಬಲ್, ಎಲ್ಲಾ ಊರಿನ ಮಕ್ಕಳು ಬಿಡಿಸೋದೇ. ಎಷ್ಟೋ ಚಿತ್ರದ ಪಕ್ಕ ಮಗುವಿನ ಹೆಸರು ಇದೆ. ಇಲ್ಲಿ ಬೇಗ ಬೇಗ ನೋಡ್ಕೊಂಡು ಹೋಗೋರನ್ನ ಕಂಡ್ರೆ ನನಗೆ ಹಿಡಿದು ನಿಲ್ಲಿಸೋಣ ಅನ್ನಿಸ್ತು, ಒಂದು ಗೋಡೆಯ ಒಂದು ಮೂಲೆ ಆದ್ರೂ ಪೂರ್ತಿ ಓದಿ ಹೋಗಿ ಅಂತ.

ಸಂಜೆ ವಾಪಸ್ ರೈಲಲ್ಲಿ ಮ್ಯಾಪ್ ನೋಡ್ತಾ ಇದ್ದಾಗ ಗೊತ್ತಾಯ್ತು, ಟೆರೆಜೀನ್ ಇರೋದು ನಮ್ಮ ಇದೇ ದಾರಿಯಲ್ಲೇ. ಬೊಹುಶೊವಿಟ್ಸೆ ಅಂತ ಸಣ್ಣ ಸ್ಟೇಷನ್, ನಮ್ಮ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲಲ್ಲ, 1943ರವರೆಗೂ ಜನರನ್ನ ಅಲ್ಲಿ ಇಳಿಸಿ ಗಂಟು ಮೂಟೆ ಹೊರಿಸಿ ನಡೆಸಿಕೊಂಡು ಹೋಗ್ತಿದ್ರು. ನಾವು ಮುಂದಿನ ತಿಂಗಳು ಪ್ಯಾಸೆಂಜರ್ ರೈಲಲ್ಲಿ ಹೋಗಿ ಅಲ್ಲೇ ಇಳಿದು ಆ ದಾರಿ ನಡೆಯೋದು ಅಂತ ಮಾತಾಡ್ಕೊಂಡ್ವಿ, ಡ್ರೆಸ್ಡೆನ್ ಬರೋ ಹೊತ್ತಿಗೆ ಧಾರವಾಡದವಳು ಟೈಮಿಂಗ್ ಎಲ್ಲ ನೋಡಿ ಗ್ರೂಪಿಗೆ ಹಾಕಿ ಆಗಿತ್ತು.