ಅಪ್ಪನಿಗಾಗಿ ಗೀತಾರಹಸ್ಯ: ಐದನೇ ಪ್ರಕರಣ ಮುಗೀತು

ಅಪ್ಪನ ಕಣ್ಣು ಮಂಜಾದ ಮೇಲೆ ಶುರು ಮಾಡಿದ ಕೆಲಸ ಇದು. ಕೊಪ್ಪಳದ ನಮ್ಮ ಮನೆಯಲ್ಲಿ ಬೆಳಗಿನ ಐದಕ್ಕೆ ಫ್ಯಾನ್ ಆರಿಸಿ, ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿ, ರೆಕಾರ್ಡ್ ಮಾಡುತ್ತಾ ಓದಲು ಕೂರುತ್ತೇನೆ. ಭಗವದ್ಗೀತೆಯ ಬಗ್ಗೆ ತಿಲಕರು ಬರೆದ ಗೀತಾರಹಸ್ಯ, ಆಲೂರ ವೆಂಕಟರಾಯರ ಕನ್ನಡ ಅನುವಾದದಲ್ಲಿ. 1905ರಲ್ಲಿ ನಮ್ಮ ಆನೆಗುಂದಿಗೆ ಬಂದುಹೋದರಲ್ಲ, ಅದೇ ಆಲೂರರು. 15 ಪ್ರಕರಣಗಳಲ್ಲಿ ಐದು ಮುಗಿದವು.

ನಾಲ್ಕನೆಯದನ್ನು ಎರಡು ಸಲ ಓದಬೇಕಾಯ್ತು. ಮೊದಲ ಸಲ ರೆಕಾರ್ಡಿಂಗ್ ತುಂಬ ಗೂಡ್ಸ್ ಗಾಡಿಯ ಸದ್ದು.

ಅಪ್ಪನನ್ನು ಹಿಡಿದು ಕೂರಿಸಿದ್ದು ಎರಡನೆಯದು, ಕರ್ಮಜಿಜ್ಞಾಸೆ. ಅರ್ಜುನನ ಸಂಕಟ ಹೇಳುವಾಗ ಅಲ್ಲಿ ಶೇಕ್ಸ್‌ಪಿಯರ್ ನಾಟಕದ ಹ್ಯಾಮ್ಲೆಟ್ ಬರುತ್ತಾನೆ. ತಂದೆಯನ್ನು ಕೊಂದವನು ಚಿಕ್ಕಪ್ಪ, ಈಗ ತಾಯಿಯ ಗಂಡ. ಮಗ ಏನು ಮಾಡಬೇಕು?

"ನಿಲ್ಲಸು. ಇದನ್ನ ಜೈಲಿನಾಗ ಕುಂತು ಬರದಾರೇನು?" ಅಂದರು ಅಪ್ಪ.

ಹೌದು. ಬರ್ಮಾದ ಮಂಡಾಲೆ ಜೈಲಿನಲ್ಲಿ, 1910-11ರ ಚಳಿಗಾಲದಲ್ಲಿ. ಮಸಿ ಕೊಡುತ್ತಿರಲಿಲ್ಲ. ಪುಟ ಎಣಿಸಿ ಹೊಲಿದ ಪುಸ್ತಕ, ಮೊದಲೇ ಹೆರೆದ ಪೆನ್ಸಿಲ್, ಅಷ್ಟೇ. ಇದನ್ನು ಕೇಳಿ ಅಪ್ಪ ನನ್ನ ಪೆನ್ಸಿಲ್ ಇಸ್ಕೊಂಡು ಹೆಬ್ಬೆರಳಿನಿಂದ ಮೊನೆ ಮುಟ್ಟಿ ನೋಡಿದರು. ಬಹಳ ಹೊತ್ತು ವಾಪಸ್ ಕೊಡಲಿಲ್ಲ.

ಅವತ್ತು ಸಂಜೆ ಕೋರ್ಟಿನ ಕಥೆ ಹೇಳಿದೆ. ತಿಲಕರ ಪತ್ರಿಕೆ ಕೇಸರಿಯ ಲೇಖನಗಳಿಗಾಗಿ ರಾಜದ್ರೋಹದ ಕೇಸು. 1908ರ ಜುಲೈ 22, ಬಾಂಬೆ ಹೈಕೋರ್ಟ್. ಒಂಬತ್ತು ಜನ ಜ್ಯೂರಿಯಲ್ಲಿ ಏಳು ಜನ ತಪ್ಪಿತಸ್ಥ ಅಂದರು. ಆರು ವರ್ಷ ಗಡೀಪಾರು. ಮಾರನೇ ದಿನ ತಿಲಕರಿಗೆ 52 ತುಂಬುವುದಿತ್ತು.

ಶಿಕ್ಷೆಗೆ ಮೊದಲು ಅವರು ಎರಡು ಮಾತು ಹೇಳಿದರು. ಜ್ಯೂರಿ ಏನೇ ಅನ್ನಲಿ, ನಾನು ನಿರಪರಾಧಿ. ಆಮೇಲೆ: ಇದಕ್ಕಿಂತ ದೊಡ್ಡ ಶಕ್ತಿಗಳಿವೆ, ನಾನು ಹೊರಗಿರುವುದಕ್ಕಿಂತ ಕಷ್ಟಪಟ್ಟರೇ ನನ್ನ ಕೆಲಸ ಬೆಳೆಯಲಿ ಅನ್ನೋದು ದೈವದ ಇಚ್ಛೆ ಇರಬಹುದು. ನನಗೆ ಈ ಸಾಲುಗಳ ಕ್ರಮವೇ ಮುಖ್ಯ ಅನ್ನಿಸ್ತು. ಅನ್ಯಾಯವನ್ನು ಮೊದಲು ಅನ್ಯಾಯ ಅಂದರು, ದೇವರ ಮಾತು ಆಮೇಲೆ ಬಂತು. ನಾವು ಜಾಸ್ತಿ ಉಲ್ಟಾ ಮಾಡ್ತೀವಿ ಅಲ್ವಾ? "ದೇವರಿಟ್ಟಂಗ ಆಗಲಿ" ಅಂತ ಶುರು ಮಾಡಿ ಅಲ್ಲೇ ಸುಮ್ನಾಗ್ತೀವಿ.

ಐದನೆಯದು ಸುಖದುಃಖವಿವೇಕ. ಇಲ್ಲಾದರೂ ತಮ್ಮ ಕಷ್ಟ ತೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. ದುಃಖದ ಬಗ್ಗೆ ಇಡೀ ಪ್ರಕರಣ ಇದೆ, ಸ್ವಂತ ಗೋಳು ಎಲ್ಲೂ ಸಿಗಲಿಲ್ಲ. ಓದುತ್ತಾ ನನ್ನ ಗಂಟಲು ಕಟ್ಟಿತು. ಆ ಭಾಗವನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದೇನೆ.

ನಿನ್ನೆ ಅಪ್ಪ ಹೇಳಿದರು: "ಆ ಕೋರ್ಟಿನ ಮಾತು ಎಲ್ಲಕ್ಕಿಂತ ಮೊದಲ ಹಾಕು." ಎರಡೇ ನಿಮಿಷದ ರೆಕಾರ್ಡಿಂಗ್. ಒಂದನೇ ಪ್ರಕರಣಕ್ಕಿಂತ ಮುಂಚೆ ಬರಲಿ ಅಂತ ಫೈಲಿಗೆ ಸೊನ್ನೆ ಅಂತ ಹೆಸರಿಟ್ಟೆ.