ಬೆಳಿಗ್ಗೆ ಒಂಬತ್ತರ ಕಾಲ್

ಇವತ್ತು ನಾನು ನೋಡಿಕೊಳ್ಳುವ ಸೇಲ್ಸ್ ಟೀಮ್‌ನ ಕಾಲ್‌ನಲ್ಲಿ ನಮ್ಮ ಶ್ರೀನಿವಾಸಪುರದ ಹುಡುಗನ ಮೈಕ್ ಆನ್ ಇತ್ತು. ಹಿಂದೆ ಕೋಲಾರದ ಎಪಿಎಂಸಿ, ಟೊಮೆಟೊ ಹರಾಜು. ಕ್ರೇಟ್ ದಬದಬ ಇಳಿಸುವ ಸದ್ದು. "ಮುನ್ನೂರು, ಮುನ್ನೂರ ಹತ್ತು" ಅಂತ ಕೂಗು, ಅರ್ಧ ಕನ್ನಡ, ಅರ್ಧ ತೆಲುಗು.

"ಯಾರ್ರೀ ಅದು, ಮ್ಯೂಟ್ ಮಾಡಿ" ಅಂದರು ಬೆಂಗಳೂರಿನವರು. ನನಗೋ, ಇನ್ನೊಂದು ಸ್ವಲ್ಪ ಕೇಳೋಣ ಅನ್ನಿಸಿತು.

ಡ್ರಿಪ್ ಪೈಪ್ ಮಾರುವ ಹುಡುಗ ಅವನು. 15 ಕೆಜಿ ಬಾಕ್ಸಿನ ರೇಟು ಬಿದ್ದ ದಿನ ಯಾವ ರೈತನೂ ಪೈಪಿನ ಮಾತು ಎತ್ತುವುದಿಲ್ಲ. ಏರಿದಾಗ ಅವರೇ ಫೋನ್ ಮಾಡುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಆಮೇಲೆ ಅವನಿಗೆ ಬೇರೆಯಾಗಿ ಫೋನ್ ಮಾಡಿದೆ. "ಸಾರ್, ಇವತ್ತು ವಿಸಿಟ್ ಕಮ್ಮಿ ಆಗುತ್ತೆ..." ಅಂತ ಶುರು ಮಾಡಿದ. "ವಿಸಿಟ್ ಬಿಡಪ್ಪ, ರೇಟ್ ಹೆಂಗಿದೆ?" ಅಂದೆ. ಟಾರ್ಗೆಟ್ ಕೇಳಿದರೆ "ಹ್ಞೂಂ ಸಾರ್" ಅಂತ ಮುಗಿಸುವವನು ಬಿಡದೆ ಮಾತಾಡಿದ. ಯಾರು ಹೊಸದಾಗಿ ಬೋರ್ ಕೊರೆಸಿದರು, ಯಾರು ಟೊಮೆಟೊ ಬಿಟ್ಟು ಕ್ಯಾಪ್ಸಿಕಂಗೆ ಹೋಗುತ್ತಿದ್ದಾರೆ, ಎಲ್ಲಾ.

ದೂರದಲ್ಲಿರುವ ಟೀಮ್ ನೋಡಿಕೊಳ್ಳುವುದು ಅಂದರೆ ಲೈವ್ ಲೊಕೇಶನ್ ನೋಡುತ್ತಾ ಕೂರುವುದು ಅಂತ ಯಾರು ಹೇಳಿಕೊಟ್ಟರೋ. ಚುಕ್ಕಿ ಮಂಡಿಯಲ್ಲೇ ನಿಂತಿದೆ ಅಂದರೆ ಹುಡುಗ ಗಿರಾಕಿಗಳ ಮಧ್ಯೆಯೇ ಇದ್ದಾನೆ, ಅಲ್ವಾ?

ನಾಳೆಯಿಂದ ನಮ್ಮ ಕಾಲ್ ಸಂಜೆಗೆ. ಮಾಲೂರಿನವನು ಮಾತ್ರ "ಸಂಜೆ ಡೈರಿಗೆ ಹಾಲು ಹಾಕಬೇಕು ಸಾರ್" ಅನ್ನುತ್ತಿದ್ದಾನೆ. ಅವನದ್ದೇನು ಮಾಡುವುದೋ ನೋಡಬೇಕು.