ನಮ್ಮ ಹುಡುಗಿಗೆ ಸ್ಕಾಲರ್‌ಶಿಪ್ ಯಾಕ ಬಂದಿಲ್ರಿ, ಸರ?

ಜಮಖಂಡಿ ತಾಲೂಕಿನ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಂತೆಯಲ್ಲಿ ಸಿಕ್ಕರೂ, ಮದುವೆ ಊಟಕ್ಕೆ ಕೂತರೂ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ರೈತರ ಮಕ್ಕಳಿಗೆ ರೊಕ್ಕ ಬರ್ತೈತಂತ. ನಮ್ಮ ಹುಡುಗಿಗೆ ಯಾಕ ಬಂದಿಲ್ರಿ, ಸರ?" ಅವರು ಕೇಳುವುದು ಸರ್ಕಾರ ರೈತರ ಮಕ್ಕಳ ಓದಿಗೆ ಕೊಡುವ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಬಗ್ಗೆ. ಮಗಳ ಮಾರ್ಕ್ಸ್ ಕಮ್ಮಿಯಾದವೇನೋ, ಇಲ್ಲಾ ನಡುವೆ ಯಾರೋ ತಿಂದರೇನೋ ಅನ್ನೋ ಅನುಮಾನ ಅವರಿಗೆ. ನಾನು ಕಂಡ ಮಟ್ಟಿಗೆ ಬಹಳ ಸಲ ಅಡ್ಡ ಬಂದಿರುವುದು ಮನೆಯ ಉತಾರ, ಅಂದರೆ ಹೊಲದ ಪಹಣಿ.

ಹೋದ ವರ್ಷ ಒಬ್ಬ ಹುಡುಗಿ ಅಪ್ಪನನ್ನು ಕರೆದುಕೊಂಡು ಬಂದಳು. ಕ್ಯಾರಿಬ್ಯಾಗ್‌ನಲ್ಲಿ ನಾಲ್ಕು ಮಡಿಕೆ ಮಾಡಿದ ಉತಾರ ಇತ್ತು. ಬಿಚ್ಚಿ ಟೇಬಲ್ ಮೇಲೆ ಹರವಿದೆವು. ಹೊಲದ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಅವಳ ಮುತ್ತಜ್ಜನ ಹೆಸರು. ಮುತ್ತಜ್ಜ ತೀರಿಕೊಂಡಾಗ ಅವಳಪ್ಪ ಸಾಲಿಗೂ ಹೋಗುತ್ತಿರಲಿಲ್ಲವಂತೆ. ಆ ಮನುಷ್ಯ ಮೂವತ್ತು ವರ್ಷದಿಂದ ಅದೇ ಹೊಲದಲ್ಲಿ ಕಬ್ಬು ಬೆಳೆಯುತ್ತಿದ್ದಾರೆ. ಅಂಗೈ ತುಂಬ ದಡ್ಡು. ಆದರೆ ಸರ್ಕಾರದ ಕಂಪ್ಯೂಟರ್‌ನಲ್ಲಿ ಅವರು ರೈತರೇ ಅಲ್ಲ. ಅದನ್ನು ಅವರಿಗೆ ಹೇಳುವಾಗ ನನಗೇ ಗಂಟಲು ಕಟ್ಟಿತು.

ಲೆಕ್ಕ ಇಷ್ಟೇ. ರೈತ ವಿದ್ಯಾನಿಧಿ ಶುರುವಾಗಿದ್ದು 2021ರಲ್ಲಿ. ಇದಕ್ಕೆ ರ‍್ಯಾಂಕ್ ಬೇಕಿಲ್ಲ, ಅಪ್ಪನದೋ ಅವ್ವನದೋ ಎಫ್‌ಐಡಿ ಬೇಕು. ಎಫ್‌ಐಡಿ ಅಂದರೆ ಸರ್ಕಾರ ರೈತರ ಮತ್ತು ಅವರ ಹೊಲದ ವಿವರ ಇಡುವ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಸಿಗುವ ನಂಬರು. ರೈತ ಸಂಪರ್ಕ ಕೇಂದ್ರದಲ್ಲಿ ಉತಾರ, ಆಧಾರ್, ಪಾಸ್‌ಬುಕ್ ಕೊಟ್ಟರೆ ಮಾಡಿಕೊಡುತ್ತಾರೆ. ಮಕ್ಕಳು ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಆ ನಂಬರು ಹಾಕಬೇಕು. ಉತಾರವೇ ಸತ್ತವರ ಹೆಸರಲ್ಲಿದ್ದರೆ ಹೊಲಕ್ಕೆ ನಂಬರು ಎಲ್ಲಿಂದ ಜೋಡಿಸಬೇಕು?

ಹಾಗಾಗಿ ನನ್ನ ಮೊದಲ ಮಾತು ಯಾವಾಗಲೂ ವಾರಸಾದ್ದು. ಅಂದರೆ ಸತ್ತವರ ಹೆಸರಿನ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಪೌತಿ ಖಾತೆ ಅಂತಲೂ ಅನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶಾವಳಿ ಹಿಡಿದು ನಾಡಕಚೇರಿಗೆ ಹೋಗಬೇಕು. ತಲಾಠಿ (ಗ್ರಾಮ ಲೆಕ್ಕಿಗ) ಪರಿಶೀಲಿಸಬೇಕು, ತಕರಾರು ಇದ್ದವರು ಹೇಳಲಿ ಅಂತ ನೋಟಿಸು ಆಗಬೇಕು. ಅಜ್ಜನ ಮರಣ ನೋಂದಣಿಯೇ ಆಗಿರದಿದ್ದರೆ ಅಲೆದಾಟ ಇನ್ನೂ ಜಾಸ್ತಿ. ಇದನ್ನೆಲ್ಲ ಅಡ್ಮಿಷನ್ ಹೊತ್ತಿನಲ್ಲಿ ಶುರು ಮಾಡಿದರೆ ಅರ್ಜಿಯ ತಾರೀಕು ದಾಟಿಹೋಗುತ್ತದೆ. ಮಗಳು ಒಂಬತ್ತನೇ ಇಯತ್ತೆ ಇರುವಾಗಲೇ ಮಾಡಿಸಿ. ದೊಡ್ಡಪ್ಪ ಕಾಕಾಗಳ ನಡುವೆ ಮಾತುಕತೆ ನಿಂತಿರುತ್ತದೆ, ಬಲ್ಲೆ. ನಮ್ಮ ಮನೆಯಲ್ಲೂ ನಿಂತಿತ್ತು. ಹುಡುಗಿಯ ಓದಿನ ಸಲುವಾಗಿ ಅಂತ ಹೇಳಿ ನೋಡಿ, ಎಷ್ಟೋ ಮನೆಯಲ್ಲಿ ಆ ಒಂದು ಮಾತಿಗೆ ಸಹಿ ಬಿದ್ದಿದೆ.

ಎರಡನೇ ತೊಡಕು ಬ್ಯಾಂಕಿನದು. "ಆಧಾರ್ ಕೊಟ್ಟೇವ್ರಿ" ಅನ್ನುತ್ತಾರೆ. ಜೆರಾಕ್ಸ್ ಕೊಟ್ಟರೆ ಸಾಲದು. ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಸರ್ಕಾರದ ರೊಕ್ಕ ಬೀಳುವ ಖಾತೆ ಇದೇ ಅಂತ ಬ್ಯಾಂಕು ಆಧಾರ್‌ಗೆ ಜೋಡಿಸಿರಬೇಕು, ಅದೂ ವಿದ್ಯಾರ್ಥಿಯದೇ ಖಾತೆಗೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಯಾವುದಕ್ಕೆ ಮ್ಯಾಪ್ ಆಗಿದೆಯೋ ಅಲ್ಲಿಗೆ ರೊಕ್ಕ ಹೋಗುತ್ತದೆ. ಬಂದಿಲ್ಲ ಅಂತ ವರ್ಷವಿಡೀ ಕೊರಗಿದ ಒಬ್ಬ ಹುಡುಗನ ರೊಕ್ಕ ಅವನೇ ಮರೆತಿದ್ದ ಇನ್ನೊಂದು ಪಾಸ್‌ಬುಕ್‌ನಲ್ಲಿ ಸಿಕ್ಕಿತು. ಮೊಬೈಲ್‌ನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ಯಾವ ಖಾತೆಗೆ ಎಷ್ಟು ಬಂತು ಅಂತ ಕಾಣುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಇರಲಿ. ಅಡ್ಡಹೆಸರು (ಸರ್‌ನೇಮ್) ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ತೊಂದರೆ.

"ಅಷ್ಟು ರೊಕ್ಕಕ್ಕ ಇಷ್ಟು ಯಾರು ಅಡ್ಡಾಡ್ಬೇಕ್ರಿ?" ಅಂತಲೂ ಕೇಳುತ್ತಾರೆ. ಯೋಜನೆ ಶುರುವಾದಾಗ ನಿಗದಿಯಾದ ದರ ಹೀಗಿತ್ತು: ಪಿಯುಸಿ, ಐಟಿಐ, ಡಿಪ್ಲೊಮಾಗೆ ವರ್ಷಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಎಂಬಿಬಿಎಸ್, ಬಿಇ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಮುಂದೆ ಕೃಷಿ ಕೂಲಿಕಾರರ ಮಕ್ಕಳಿಗೂ ಇದನ್ನು ವಿಸ್ತರಿಸಿದರು. ಅರ್ಜಿ ಹಾಕುವ ಮೊದಲು ಆ ವರ್ಷದ ಆದೇಶ ನೋಡಿಕೊಳ್ಳಿ.

ದೊಡ್ಡ ರೊಕ್ಕವಲ್ಲ, ನಿಜ. ಆದರೆ ನಮ್ಮ ಕಡೆ ಜೂನ್ ತಿಂಗಳು ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ? ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಆಗಲೇ. ಕಾಲೇಜಿನ ಫೀ, ಬಸ್ ಪಾಸು, ಪುಸ್ತಕವೂ ಆಗಲೇ. ಕಬ್ಬು ಕಡಿಯುವುದು ದೀಪಾವಳಿ ಆಸುಪಾಸಿಗೆ, ಬಿಲ್ ಬರುವುದು ಅದಾದ ಎಷ್ಟೋ ದಿನಕ್ಕೆ. ಕೈ ಖಾಲಿ ಇರುವ ಆ ತಿಂಗಳಲ್ಲಿ, ಓದುವವರು ಇಬ್ಬರಿದ್ದರೆ, ಮನೆಯಲ್ಲಿ ಉಳಿಯುವುದು ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಚಲೋ ಮಾರ್ಕ್ಸ್ ತೆಗೆದವಳು ಜೂನ್ ಮುಗಿಯುವಷ್ಟರಲ್ಲಿ ಕಳೆ ತೆಗೆಯಲು ಹೋಗುವುದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಸ್ಕಾಲರ್‌ಶಿಪ್ ಜೂನ್‌ನಲ್ಲೇ ಕೈಗೆ ಬರುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕು. ಆದರೆ ಬರುತ್ತದೆ ಅನ್ನೋ ಖಾತ್ರಿ ಇದ್ದರೆ ಅಪ್ಪ ಕೈಗಡ ತಂದಾದರೂ ಫೀ ಕಟ್ಟುತ್ತಾನೆ.

ಇದೊಂದಕ್ಕೇ ನಿಲ್ಲಬೇಡಿ. ಹಿಂದುಳಿದ ವರ್ಗದವರಿಗೆ, ಹಾಸ್ಟೆಲ್ ಸಿಗದಿದ್ದರೆ, ವಿದ್ಯಾಸಿರಿ ಇದೆ: ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ಡಿಪ್ಲೊಮಾ, ಎಂಜಿನಿಯರಿಂಗ್ ಸೇರಿದ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್, ವರ್ಷಕ್ಕೆ 50,000. ಹತ್ತನೆಯದನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಡಿಗ್ರಿ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ಕೃಷಿ, ತೋಟಗಾರಿಕೆ ಪದವಿ ಬೇಕೆನ್ನುವವರಿಗೆ ಕೃಷಿಕರ ಕೋಟಾ ಉಂಟು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಸೀಟುಗಳೂ ಅದರಲ್ಲಿ ಬರುತ್ತವೆ. ಅದಕ್ಕೆ ಸಿಇಟಿ ಜೊತೆ ಒಂದು ಪ್ರಾಯೋಗಿಕ ಪರೀಕ್ಷೆ. ಬೀಜ, ಸಲಕರಣೆ ಗುರುತಿಸಬೇಕು. ಹೊಲದಲ್ಲಿ ಬೆಳೆದ ಮಕ್ಕಳು ಅಲ್ಲಿ ಹಿಂದೆ ಬೀಳುವುದಿಲ್ಲ.

ಆ ಹುಡುಗಿಗೆ ಮೊದಲ ವರ್ಷದ ರೊಕ್ಕ ಸಿಗಲಿಲ್ಲ. ವಾರಸಾ ಆಗಲು ಏಳು ತಿಂಗಳು ಹಿಡಿಯಿತು. ಈ ಸಲ ಹೊಸ ಉತಾರ ತಂದು ತೋರಿಸಿದಳು, 9ನೇ ಕಾಲಂನಲ್ಲಿ ಅಪ್ಪನ ಹೆಸರು. ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು.

ರವಿವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ. ನಮ್ಮೂರಿನವರಾದರೆ ಉತಾರ, ಪಾಸ್‌ಬುಕ್, ನಿಮ್ಮದೂ ಮಗಳದೂ ಆಧಾರ್ ತನ್ನಿ. ಹುಡುಗಿಯನ್ನೂ ಕರೆದುಕೊಂಡು ಬನ್ನಿ, ಫಾರ್ಮ್ ಅವಳೇ ತುಂಬಲಿ.